ಆಮೆ, ಕುದುರೆ ಮತ್ತು ಅಮ್ಮನ ಮರುಮಾತು

ಫೆಬ್ರುವರಿ ೩

ಅಕ್ಕನಿಗೆ,

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಮುನಿಸು ಹೋಗಿದೆ ಎಂದುಕೊಳ್ಳಬೇಡ, ಹಾಗೇ ಇದೆ. ಆದರೆ ಈಗ ಇರುವುದು ಅಮ್ಮನ ಕೆಲಸ. ಅದಕ್ಕೇ ಮುನಿಸನ್ನು ಸದ್ಯಕ್ಕೆ ಮೂಲೆಯಲ್ಲಿಟ್ಟಿದ್ದೇನೆ.

ಗಂಟಲಿನ ಆಪರೇಷನ್ ಆದ ಮೇಲೆ ಅಮ್ಮನ ದನಿ ಹೋಯಿತು, ಅದು ನಿನಗೆ ಗೊತ್ತು. ದನಿಯ ಜೊತೆ ಇನ್ನೂ ಏನೇನು ಹೋಯಿತು ಎನ್ನುವುದು ದೂರದಲ್ಲಿರುವ ನಿನಗೆ ಗೊತ್ತಿರಲಾರದು. ಅಂಗಡಿಗೆ ಜನ ಬರುತ್ತಿದ್ದದ್ದು ಬಟ್ಟೆ ಹೊಲಿಸಲು ಮಾತ್ರವಲ್ಲ, ಅಮ್ಮನ ಬಾಯಲ್ಲಿ ನಾಲ್ಕು ಮಾತು ಕೇಳಿ ನಕ್ಕು ಹೋಗಲು. ಈಗ ಅವರು ಅಮ್ಮನ ತಲೆಯ ಮೇಲಿಂದ ನನ್ನನ್ನು ನೋಡಿ, "ಏನಂತಾರೆ ನಿಮ್ಮ ತಾಯಿ?" ಎಂದು ಕೇಳುತ್ತಾರೆ, ಅವಳಿಗೆ ಕಿವಿಯೂ ಕೇಳಿಸುವುದಿಲ್ಲ ಎನ್ನುವ ಹಾಗೆ. ಅಮ್ಮ ಬರೆದು ತೋರಿಸಿದರೆ ಕನ್ನಡಕ ಹುಡುಕುತ್ತಾರೆ.

ಅದಕ್ಕೆ ನಾನೊಂದು ಮಾತಿನ ಪೆಟ್ಟಿಗೆ ಮಾಡಿಕೊಟ್ಟೆ. ಊಟದ ಡಬ್ಬಿಯಷ್ಟು ದೊಡ್ಡದು. ಅಮ್ಮ ನಾಲ್ಕೈದು ಅಕ್ಷರ ಒತ್ತಿದರೆ ಉಳಿದದ್ದನ್ನು ಅದೇ ಊಹಿಸಿ, ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ ಹೇಳುತ್ತದೆ. ಒಳಗಿನ ಪ್ರೋಗ್ರಾಮನ್ನು ಸ್ಕೀಮ್ ಭಾಷೆಯಲ್ಲಿ ಬರೆದಿದ್ದೇನೆ. ಆ ಭಾಷೆಯನ್ನು ಓದಿ ಓಡಿಸುವುದು ನಾನೇ ಕಟ್ಟಿದ ಸ್ಕೀಮ್, ನಮ್ಮ ‘ಆಮೆ’. ಹೌದು, ನಿನ್ನ ವೇಗದ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ, "ಕಲಿಯಲು ಕಟ್ಟಿದ್ದು, ಬಳಸಲು ಅಲ್ಲ" ಎಂದು ಷರಾ ಬರೆದು ಲೋಕಕ್ಕೆಲ್ಲ ಕಾಣುವಂತೆ ನೇತುಹಾಕಿದ್ದೀಯಲ್ಲ, ಅದೇ ಆಮೆ.

ಪೆಟ್ಟಿಗೆ ಮಾತಾಡುತ್ತದೆ, ಆದರೆ ತಡವಾಗಿ. ಹೋದ ವಾರ ದಪ್ಪನೆಯ ಹೆಂಗಸೊಬ್ಬರು ಬಂದು "ಹೋದ ಸಲ ಹೊಲಿದ ಕೋಟು ಬಿಗಿ ಆಯ್ತು ರೀ" ಎಂದು ರಾಗ ಎಳೆದರು. ಅಮ್ಮನ ಬೆರಳು ಚಕಚಕ ಓಡಿತು. ಪೆಟ್ಟಿಗೆ ಯೋಚಿಸುತ್ತಾ ಕೂತಿತು. ಅವರು ಕೋಟನ್ನು ಮೇಜಿನ ಮೇಲೆ ಒಗೆದು ಹೊರಟೇಬಿಟ್ಟರು. ಅವರ ಹಿಂದೆಯೇ ಕಡ್ಡಿಯಂಥ ಹೆಡ್‌ಮಾಸ್ಟರು ಒಳಗೆ ಕಾಲಿಟ್ಟರು, ಆಗ ಪೆಟ್ಟಿಗೆ ಬಾಯಿ ಬಿಟ್ಟಿತು: "ಕೋಟು ಹಾಗೇ ಇದೆ, ನೀವು ಎರಡಾಗಿದ್ದೀರ."

ಹೆಡ್‌ಮಾಸ್ಟರು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ನಗಲಿಲ್ಲ. ಅವತ್ತೇ ಪೆಟ್ಟಿಗೆಯ ಮೇಲೆ ಲೈನಿಂಗ್ ಬಟ್ಟೆಯ ತುಂಡೊಂದನ್ನು ಮುಚ್ಚಿಬಿಟ್ಟಳು. ದೊಡ್ಡ ಹೊಲಿಗೆ ಯಂತ್ರವನ್ನು ಮಾರುವ ಯೋಚನೆಯೂ ಇದೆಯೆಂದು ನಮ್ಮ ಕಾಜಾ ಆಂಟಿ ಹೇಳಿದರು. ಅಂಗಡಿಗೆ ಗುಂಡಿ-ಕಾಜಾ ಹಾಕಿಕೊಡುತ್ತಾರಲ್ಲ, ಅವರು. ಯಂತ್ರ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಅಮ್ಮ ಒಳಗಿನ ಕೋಣೆ ಸೇರುತ್ತಾಳೆ, ಮತ್ತೆ ಹೊರಗೆ ಬರುವುದಿಲ್ಲ. ನನಗೆ ಭಯವಾಗಿದೆ ಅಕ್ಕ.

ಯಾವ ಸ್ಕೀಮ್ ಎಲ್ಲಕ್ಕಿಂತ ವೇಗ? ಸುತ್ತಿ ಬಳಸದೆ ಹೇಳು. ಕಾಗದದಲ್ಲೇ ಹೇಳು, ಫೋನಿನಲ್ಲಾದರೆ ನಾವು ಕಿತ್ತಾಡುತ್ತೇವೆ. ಅಮ್ಮನೂ ಓದುತ್ತಾಳೆ, ಮನುಷ್ಯರಿಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ತಮ್ಮ


ಫೆಬ್ರುವರಿ ೧೧

ಕುಳ್ಳ,

ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದರೂ ನೀನು ಕುಳ್ಳನೇ. ಹೆಡ್‌ಮಾಸ್ಟರ ವಿಷಯ ಓದಿ ಗಟ್ಟಿಯಾಗಿ ನಕ್ಕೆ. ಲೈನಿಂಗ್ ಬಟ್ಟೆಯ ಸಾಲಿಗೆ ಬಂದಾಗ ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಬಂದಾಗೆಲ್ಲ ನೋಡಿದ್ದೇನೆ, ಅಮ್ಮ ಸುಮ್ಮನಿರುವ ಮನೆಯನ್ನು ನನ್ನಿಂದ ಸಹಿಸಿಕೊಳ್ಳಲು ಆಗುವುದಿಲ್ಲ.

ಅಮ್ಮಾ, ಈ ಸಾಲುಗಳು ನಿನಗೆ. ಸ್ಕೀಮ್ ಎನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಆ ಭಾಷೆಯಲ್ಲಿ ಬರೆದದ್ದನ್ನು ಓದಿ ನಡೆಸುವ ವ್ಯವಸ್ಥೆಯನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿಯಲ್ಲಿ ಕಟ್ಟಿದ್ದಾರೆ. ಒಂದೇ ಅಳತೆಯ ಅಂಗಿಯನ್ನು ಊರಿನ ಎಲ್ಲ ಟೈಲರುಗಳಿಗೂ ಹೊಲಿಯಲು ಕೊಟ್ಟ ಹಾಗೆ ಅಂದುಕೋ. ಅಂಗಿ ಅದೇ, ಹಿಡಿಯುವ ಹೊತ್ತು ಬೇರೆ. ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂದು ಅಳೆದು ಪಟ್ಟಿ ಮಾಡುವುದು ನಿನ್ನ ಮಗಳ ಹುಚ್ಚು. ಕಾಲೇಜಿನ ನೆಲಮಾಳಿಗೆಯಲ್ಲಿ ಅದಕ್ಕಾಗಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಅಳೆಯುವಾಗ ಅಲ್ಲಿ ಯಾರೂ ಕೀಬೋರ್ಡ್ ಮುಟ್ಟುವ ಹಾಗಿಲ್ಲ, ಪ್ರಿನ್ಸಿಪಾಲರು ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಅವರಿಗೆ ನನ್ನ ಮೇಲೆ ಸಿಟ್ಟಿದೆ.

ಕುಳ್ಳ, ನಿನ್ನ ಆಮೆಯನ್ನು ನಾನು ಬೈದಿಲ್ಲ, ಅಳೆದಿದ್ದೇನೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದಕ್ಕೆ ನಾವು ಕುದುರೆ ಎಂದು ಅಡ್ಡಹೆಸರಿಟ್ಟಿದ್ದೇವೆ. ನಿನ್ನ ಆಮೆ ಕಟ್ಟೆ ಇಳಿಯುವಷ್ಟರಲ್ಲಿ ಅದು ಊರು ಸುತ್ತಿ ಬಂದಿರುತ್ತದೆ. ನಿನ್ನ ಪೆಟ್ಟಿಗೆಗೆ ಹೊಂದುವಂತೆ ಕುದುರೆಯನ್ನು ಒಂದು ಮೆಮೊರಿ ಕಾರ್ಡಿಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಆಮೆಯನ್ನು ತೆಗೆದು ಇದನ್ನು ಸಿಕ್ಕಿಸು. ಅಭಿಮಾನ ಅಮ್ಮನಿಗಿಂತ ದೊಡ್ಡದಲ್ಲ ಅಲ್ಲವೇ?

ಅಕ್ಕ


ಮಾರ್ಚ್ ೨

ಅಕ್ಕನಿಗೆ,

ನಿನ್ನ ಕುದುರೆ ಕೈಕೊಟ್ಟಿತು.

ಕಾರ್ಡ್ ಬಂದ ದಿನವೇ ಸಿಕ್ಕಿಸಿದೆ. "ಅಕ್ಕ ಕಳಿಸಿದ್ದಾಳೆ, ಇದು ಜೋರಾಗಿ ಓಡತ್ತಂತೆ, ಒಂದೇ ಒಂದು ಸಲ ನೋಡಮ್ಮ" ಎಂದು ಅಮ್ಮನನ್ನು ಕಾಡಿ ಬೇಡಿ ಬಟ್ಟೆ ತೆಗೆಸಿದೆ. ಕಾಜಾ ಆಂಟಿ ಎದುರಿಗೇ ಕೂತಿದ್ದರು. ಅಮ್ಮ ಕುರ್ಚಿ ಎಳೆದುಕೊಂಡು, ಕೈ ಒರೆಸಿಕೊಂಡು, ನಿನ್ನ ಮೇಲೆ ನಂಬಿಕೆಯಿಟ್ಟು ಒತ್ತಿದಳು. ಏನೂ ಬರಲಿಲ್ಲ. ಪೆಟ್ಟಿಗೆಯ ಹಸಿರು ದೀಪ ಆರಿ ಹತ್ತಿದ್ದನ್ನು ಮೂವರೂ ನೋಡುತ್ತಾ ಕೂತೆವು. ಆಂಟಿ ಎದ್ದು ಹೋಗಿ ಟೀ ಲೋಟ ತೊಳೆದು ಬಂದರು. ಆಮೇಲೆ ಪೆಟ್ಟಿಗೆ ಹೇಳಿತು: "ಹೇಗಿದ್ದೀಯೇ?"

"ಲೋಟ ತೊಳೆಯೋ ಮುಂಚೆ ಚೆನ್ನಾಗಿದ್ದೆ" ಅಂದರು ಆಂಟಿ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಮೊದಲಾಗಿದ್ದರೆ ಇಂಥ ಮಾತು ಅಮ್ಮನ ಬಾಯಿಂದ ಬರಬೇಕಿತ್ತು, ಆಂಟಿ ನಗಬೇಕಿತ್ತು. ಅಮ್ಮ ಎದ್ದು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮುಚ್ಚಿದಳು.

ಇದು ಆಮೆಗಿಂತ ನಿಧಾನ. ನಾನು ಮತ್ತೆ ಮತ್ತೆ ನೋಡಿದೆ. ಪ್ರತಿ ವಾಕ್ಯ ಒತ್ತಿ ಮುಗಿಸಿದಾಗಲೂ ದೀಪ ಆರುತ್ತದೆ, ಹತ್ತುತ್ತದೆ, ನಾವು ಕಾಯುತ್ತೇವೆ. ನಿನ್ನ ಪಟ್ಟಿ ಸುಳ್ಳು ಎಂದು ಒಂದು ಕ್ಷಣ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಮ್ಮನ ಮುಖ ನೋಡಿದ ಮೇಲೆ ಆ ಖುಷಿ ಇಳಿದುಹೋಯಿತು. ಈಗ ಯಂತ್ರ ಮಾರಾಟಕ್ಕಿದೆ ಎಂಬ ಬೋರ್ಡು ಕಿಟಕಿಗೆ ಬಂದಿದೆ. ಅಕ್ಷರ ಅಮ್ಮನದೇ. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ.

ತಮ್ಮ


ಮಾರ್ಚ್ ೯

ಕುಳ್ಳ,

ಒಂದೇ ಪ್ರಶ್ನೆ. ದೀಪ ಯಾಕೆ ಆರುತ್ತದೆ?

ಅಕ್ಕ


ಮಾರ್ಚ್ ೧೫

ಅಕ್ಕನಿಗೆ,

ಯಾಕೆ ಅಂದರೆ? ಪ್ರೋಗ್ರಾಮ್ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದು ನಿನ್ನದೇ ನಿಯಮ. ಹೈಸ್ಕೂಲಿನಲ್ಲಿದ್ದಾಗ ನಿನ್ನ ಪಕ್ಕ ಕೂರಿಸಿಕೊಂಡು ನನ್ನ ತಲೆಗೆ ತುಂಬಿದ್ದೀಯ: "ಪ್ರತಿ ಓಟವೂ ಹೊಸದಾಗಿ ಶುರುವಾಗಬೇಕು ಕಣೋ. ಹಿಂದಿನ ಓಟದ ಎಂಜಲು ಮುಂದಿನದಕ್ಕೆ ತಾಗಬಾರದು." ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಅಮ್ಮ ಒಂದು ಮಾತು ಒತ್ತಿದ ತಕ್ಷಣ, ಅದನ್ನು ಹೇಳುವ ಮೊದಲು, ಎಲ್ಲ ಮುಚ್ಚಿ, ಎಲ್ಲ ತೆರೆದು, ಪದಗಳ ಕೋಶವನ್ನು ಹೊಸದಾಗಿ ಓದಿಸುತ್ತೇನೆ. ಹೀಗೆ ಮಾಡಿದರೆ ಮೆಮೊರಿಯೂ ತುಂಬಿಕೊಳ್ಳುವುದಿಲ್ಲ. ಅಚ್ಚುಕಟ್ಟಾಗಿದೆ.

ಅದರಲ್ಲಿ ತಪ್ಪೇನಿದೆ?

ತಮ್ಮ


ಮಾರ್ಚ್ ೨೧

ಅಯ್ಯೋ ಕುಳ್ಳ,

ನಿನ್ನ ಕಾಗದ ಓದಿ ನೆಲಮಾಳಿಗೆಯಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಕೊನೆಗೆ ನಗುವುದೋ ಹಣೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ಆ ನಿಯಮ ವೇಗ ಅಳೆಯುವ ಪಂದ್ಯಕ್ಕೆ ಕಣೋ, ಅಮ್ಮನಿಗಲ್ಲ! ಒಂದೊಂದು ಹೊಲಿಗೆ ಹಾಕಿದ ಮೇಲೂ ಯಂತ್ರದ ಭಾಗಗಳನ್ನೆಲ್ಲ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ ಕೊಟ್ಟರೆ ಅಮ್ಮ ಅಂಗಿ ಮುಗಿಸುವುದು ಯಾವಾಗ? ನೀನು ಮಾಡಿರುವುದು ಅದನ್ನೇ.

ನಿನಗೊಬ್ಬನಿಗೇ ಬೈದರೆ ನ್ಯಾಯವಲ್ಲ. ನನ್ನ ಪಟ್ಟಿಯಲ್ಲಿ ಗಡಿಯಾರ ಶುರುವಾಗುವುದು ಎಲ್ಲರೂ ಎದ್ದು ಸಿದ್ಧವಾಗಿ ನಿಂತ ಮೇಲೆ. ಏಳಲು ಎಷ್ಟು ಹೊತ್ತಾಯಿತು ಎಂದು ನಾನು ಅಳೆಯುವುದೇ ಇಲ್ಲ. ಕುದುರೆಗೆ ಜೀನು, ಲಗಾಮು, ಲಾಳ ಎಲ್ಲ ಆಗಬೇಕು, ಅದು ಏಳುವುದೇ ಒಂದು ದೊಡ್ಡ ಸಂಭ್ರಮ. ನಿನ್ನ ಆಮೆ ಕಣ್ಣು ಬಿಟ್ಟರೆ ಸಾಕು, ಎದ್ದ ಹಾಗೆಯೇ. ಅದಕ್ಕೇ ಮಾತುಮಾತಿಗೂ ಮಲಗಿಸಿ ಎಬ್ಬಿಸುವ ನಿನ್ನ ಮನೆಯಲ್ಲಿ ಆಮೆ ಗೆದ್ದಿತು. ನನ್ನ ಪಟ್ಟಿ ಸುಳ್ಳಲ್ಲ. ಆದರೆ ಅಮ್ಮ ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಪ್ರೋಗ್ರಾಮನ್ನು ಮುಚ್ಚದೆ ಎಚ್ಚರವಾಗಿಡು. ನಿನ್ನ ಪೆಟ್ಟಿಗೆಯೊಳಗೆ ಇರುವಂಥದೇ ಪುಟ್ಟ ಕಂಪ್ಯೂಟರ್ ಬೋರ್ಡೊಂದನ್ನು ನಾನೂ ತರಿಸಿಕೊಳ್ಳುತ್ತೇನೆ, ಎಲ್ಲವನ್ನೂ ಹೊಸದಾಗಿ ಅಳೆಯೋಣ. ನನಗೆ ಬೇಕಾಗಿರುವುದು ಅಮ್ಮನ ನಿಜವಾದ ಮಾತು. ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯಲ್ಲಿ ಒತ್ತಿದ್ದನ್ನೆಲ್ಲ ಉಳಿಸಿ ಕಳಿಸು. ದಿನದ ಮಾತನ್ನೆಲ್ಲ ಒಟ್ಟಿಗೆ ಎಷ್ಟು ಬೇಗ ಮುಗಿಸಿತು ಎಂದು ಈ ಸಲ ನೋಡುವುದಿಲ್ಲ. ಒತ್ತಿ ಬೆರಳು ತೆಗೆದ ಮೇಲೆ ಮೊದಲ ಸದ್ದು ಬರುವವರೆಗೆ ಅತೀ ಹೆಚ್ಚೆಂದರೆ ಎಷ್ಟು ಕಾಯಿಸಿತು, ಅಷ್ಟು ಸಾಕು.

ಅಕ್ಕ


ಏಪ್ರಿಲ್ ೨

ಅಕ್ಕನಿಗೆ,

ಅಮ್ಮ ಒಪ್ಪುತ್ತಿಲ್ಲ. ನಿನ್ನ ಕಾಗದ ಓದಿದಳು, ಮಡಚಿ ಕತ್ತರಿಯ ಕೆಳಗಿಟ್ಟಳು. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: "ಪರೀಕ್ಷೆ ಮಾಡೋಕೆ ನಾನೇನು ಇಲಿನಾ?" ಇನ್ನು ತಡವಾಗಲ್ಲಮ್ಮ ಎಂದೆ. ಅದರ ಕೆಳಗೆ ಬರೆದಳು: "ಎರಡು ಸಲ ನಂಬಿದ್ದಾಯ್ತು." ಆಮೇಲೆ ಅಂಗೈಯಿಂದ ಎಲ್ಲ ಒರೆಸಿ, ಅದೇ ಮೇಜಿನ ಮೇಲೆ ಯಾರದೋ ಪ್ಯಾಂಟಿಗೆ ಗೆರೆ ಹಾಕತೊಡಗಿದಳು.

ಯಂತ್ರ ನೋಡಲು ಮೊನ್ನೆ ಒಬ್ಬರು ಬಂದಿದ್ದರು. ಪೆಡಲ್ ತುಳಿದು ನೋಡಿ, ಯೋಚನೆ ಮಾಡಿ ಬರುತ್ತೇನೆ ಎಂದು ಹೋಗಿದ್ದಾರೆ. ಅವರು ವಾಪಸು ಬಾರದಿರಲಿ ಎಂದು ಬಯಸುತ್ತಾ ಕೂತಿದ್ದೇನೆ. ಬೇರೇನು ಮಾಡಲಿ, ನೀನೇ ಹೇಳು.

ತಮ್ಮ


ಏಪ್ರಿಲ್ ೧೦

ಕುಳ್ಳ,

ಅಮ್ಮನನ್ನು ಕಾಡಬೇಡ. ಅವಳ ಮಾತು ನಮ್ಮಿಬ್ಬರಿಗೂ ಬಾಯಿಪಾಠ ಇಲ್ಲವೇ? ಅದನ್ನು ಕೇಳಿಕೊಂಡೇ ಬೆಳೆದವರು ನಾವು. ನೆನಪಿರುವುದನ್ನೆಲ್ಲ ಬರೆದು ಕಳಿಸು, ಕಾಜಾ ಆಂಟಿಯನ್ನೂ ಕೇಳು. ನಾನೂ ಕೂತು ಬರೆಯುತ್ತಿದ್ದೇನೆ. ಲೋಕದವರೆಲ್ಲ ಗಣಿತದ ಒಗಟುಗಳನ್ನು ಕೊಟ್ಟು ಸ್ಕೀಮುಗಳನ್ನು ಓಡಿಸುತ್ತಾರೆ, ನಾವು ಅಮ್ಮನ ಮರುಮಾತುಗಳನ್ನು ಕೊಟ್ಟು ಓಡಿಸೋಣ.

ನನ್ನ ಕಡೆಯಿಂದ ಮೊದಲನೆಯದು: ಪ್ಯಾಂಟು ಮೈಗೆ ಅಂಟಿದ ಹಾಗಿರಬೇಕು ಎಂದು ಹಟ ಹಿಡಿದಿದ್ದ ಪಡ್ಡೆ ಹುಡುಗನಿಗೆ ಅಮ್ಮ, "ಹೊಲಿಯೋದ್ಯಾಕಪ್ಪಾ, ನಿಂತ್ಕೋ, ಬಣ್ಣ ಬಳಿದುಕೊಡ್ತೀನಿ" ಎಂದದ್ದು.

ಅಕ್ಕ


ಮೇ ೪

ಕುಳ್ಳ,

ನಿನ್ನ ಕಂತೆ ಸಿಕ್ಕಿತು. ಆಂಟಿ ಬರೆಸಿದ ಕೆಲವನ್ನು ಇಲ್ಲಿ ಯಾರೆದುರೂ ಓದುವ ಹಾಗಿಲ್ಲ. ಅಮ್ಮ ಅವರ ಜೊತೆ ಹೀಗೆಲ್ಲ ಮಾತಾಡುತ್ತಿದ್ದಳೇ?

ಓಡಿಸಿ ನೋಡಿದೆ. ಎಚ್ಚರವಾಗಿಟ್ಟರೆ ಕುದುರೆ ಕುದುರೆಯೇ. ಬೆರಳು ತೆಗೆಯುವುದೇ ತಡ, ಮಾತು ಬಂದಿರುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ನಡುದಾರಿಯಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ಬಳಸಿ ಬಿಟ್ಟ ಕಸ ಮೆಮೊರಿಯಲ್ಲಿ ತುಂಬಿಕೊಂಡಾಗ, ಎಲ್ಲ ಕೆಲಸ ನಿಲ್ಲಿಸಿ ಗುಡಿಸಲು ಶುರುಮಾಡುತ್ತದೆ. ಗುಡಿಸಿ ಮುಗಿಯುವವರೆಗೆ ಅಮ್ಮ ಬಾಯಿ ತೆರೆದುಕೊಂಡು ಕಾಯಬೇಕು. ನಿನ್ನ ಆಮೆ ಹಾಗೆ ನಿಲ್ಲುವುದಿಲ್ಲ. ಆದರೆ ಪ್ರತಿ ಮಾತನ್ನೂ ಒಂದಿಷ್ಟು ತಡ ಮಾಡುತ್ತದೆ, ಅಷ್ಟರಲ್ಲಿ ಜೋಕು ಹಳಸಿಹೋಗುತ್ತದೆ. ಉಳಿದವನ್ನೂ ಓಡಿಸಿದೆ. ಒಂದಕ್ಕೆ ಒಂದು ರೋಗ, ಇನ್ನೊಂದಕ್ಕೆ ಇನ್ನೊಂದು. ನನಗೆ ದಾರಿ ಕಾಣುತ್ತಿಲ್ಲ.

ಒಂದು ವಿಷಯ ಹೇಳಬೇಕು. ಅಮ್ಮ ನನಗೆ ಹೇಳುತ್ತಿದ್ದ ಮಾತನ್ನೂ ಪಟ್ಟಿಗೆ ಸೇರಿಸಿದ್ದೆ: "ನೀನು ಸುಮ್ನೆ ಕೂತ್ರೆ ಭಯ ಆಗತ್ತೆ ಕಣೇ, ಮನೇಲಿ ಕರೆಂಟ್ ಹೋಯ್ತೇನೋ ಅಂತ." ಯಾವುದೋ ಅಪರಿಚಿತ ಹೆಂಗಸಿನ ದನಿಯಲ್ಲಿ ಆ ಮಾತು ಸ್ಪೀಕರಿನಿಂದ ಬಂತು. ಮಾತು ಮಾತ್ರ ಅಮ್ಮನದೇ. ಓಟವನ್ನು ಅರ್ಧಕ್ಕೆ ಬಿಟ್ಟು ಹೊರಗೆ ಕಾರಿಡಾರಿನಲ್ಲಿ ನಿಂತು ಅತ್ತೆ. ಅವಳ ಮಾತಿಲ್ಲದೆ ನನಗೆ ಆಗುವುದಿಲ್ಲ ಕುಳ್ಳ.

ಅಕ್ಕ


ಮೇ ೧೨

ಅಕ್ಕ,

ಮೊದಲು ಒಳ್ಳೆಯ ಸುದ್ದಿ. ದಾರಿ ಸಿಕ್ಕಿತು, ಸಿಕ್ಕಿದ್ದು ಅಂಗಡಿಯಲ್ಲೇ.

ಕುದುರೆ ಗುಡಿಸುವುದನ್ನು ತಪ್ಪಿಸಲಾಗುವುದಿಲ್ಲ, ಸರಿ. ಅಮ್ಮ ಚಿಂದಿ ಗುಡಿಸುವುದು ಯಾವಾಗ? ಗಿರಾಕಿ ಬಟ್ಟೆ ಹಾಕಿ ನೋಡಲು ಪರದೆಯ ಹಿಂದೆ ಹೋದಾಗ. ಅವರು ಗುಂಡಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ನೆಲ ಚೊಕ್ಕಟ, ಪೊರಕೆ ಮೂಲೆಯಲ್ಲಿ, ಅಮ್ಮ ಟೇಪು ಹಿಡಿದು ಸಿದ್ಧ. ಅವಳು ಗುಡಿಸುವುದನ್ನು ಗಿರಾಕಿಗಳು ನೋಡಿಯೇ ಇಲ್ಲ. ಕುದುರೆಗೂ ಅದನ್ನೇ ಹೇಳಿಕೊಟ್ಟೆ. ಒಂದು ಮಾತು ಹೇಳಿ ಮುಗಿಸಿದ ಕೂಡಲೇ ಗುಡಿಸಿಬಿಡು, ಕಸ ಕಡಿಮೆಯಿದ್ದರೂ ಸರಿ. ಎದುರಿನವರು ನಗುವುದಕ್ಕೋ ಉತ್ತರ ಹುಡುಕುವುದಕ್ಕೋ ಹೊತ್ತು ಬೇಕಲ್ಲ, ಅಷ್ಟರಲ್ಲಿ ಇದರ ಕೆಲಸ ಆಗಿರುತ್ತದೆ.

ಆಮೆಯನ್ನು ತೆಗೆದಿಟ್ಟೆ. ತೆಗೆಯಲು ಮನಸ್ಸು ಬರಲಿಲ್ಲ, ನಿಜ. ಆದರೆ ಅದನ್ನು ಕಟ್ಟಿದ್ದರಿಂದಲೇ ಕುದುರೆಯ ಹೊಟ್ಟೆಯೊಳಗೆ ಕೈ ಹಾಕುವ ಧೈರ್ಯ ಬಂತು. ನಿನ್ನ ಷರಾ ಹಾಗೇ ಇರಲಿ. ಕಲಿಯಲು ಕಟ್ಟಿದ್ದೇ ಅದು, ಕಲಿತೆ.

ಇನ್ನು ನಿನ್ನೆಯ ಕಥೆ ಕೇಳು. ಪೆಟ್ಟಿಗೆಯನ್ನು ಒಳಗಿನ ಕೋಣೆಗೆ ಒಯ್ದು, ಬಾಗಿಲು ಮುಂದೆ ಮಾಡಿ, ನಮ್ಮ ಕಂತೆಯನ್ನು ಓಡಿಸಿದೆ. ಗಿರಾಕಿಯ ಮಾತನ್ನು ನಾನು ಗಟ್ಟಿಯಾಗಿ ಓದುವುದು, ಉತ್ತರ ಒತ್ತುವುದು, ಪೆಟ್ಟಿಗೆ ಅದನ್ನು ಹೇಳುವುದು. ಮಾತಿಗೆ ಮಾತು, ಪಟಪಟ. ಹೊರಗೆ ಓಡುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತದ್ದು ನನಗೆ ತಿಳಿಯಲೇ ಇಲ್ಲ. ದಿನವೂ ಬಂದು "ಆಯ್ತಾ?" ಎಂದು ಪೀಡಿಸುವವರಿಗೆ ಅಮ್ಮ ಹೇಳುತ್ತಿದ್ದ ಮಾತಿನ ಸರದಿ ಬಂತು. ಪೆಟ್ಟಿಗೆ ಹೇಳಿತು: "ಬಟ್ಟೆ ಇನ್ನೂ ರೆಡಿಯಾಗಿಲ್ಲ, ನೀವು ಮಾತ್ರ ದಿನಾ ರೆಡಿಯಾಗಿ ಬರ್ತೀರ."

ಬಾಗಿಲು ದಡ್ಡನೆ ತೆರೆಯಿತು. ಕೈಯಲ್ಲಿ ಕತ್ತರಿ, ಕೊರಳಲ್ಲಿ ಟೇಪು, ಮುಖದಲ್ಲಿ ಕೆಂಡದಂಥ ಕೋಪ. ಅಮ್ಮ ತಲೆ ಅಲ್ಲಾಡಿಸಿದಳು. ಅಲ್ಲ, ಅಲ್ಲ, ಹಾಗಲ್ಲ! ಭುಜ ಹಿಡಿದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾನು ಕೂತು ಒತ್ತಿದಳು. ಒತ್ತಿದ್ದೇ ತಡ, ಪೆಟ್ಟಿಗೆ ಹೇಳಿತು: "ನೀವು ದಿನಾ ರೆಡಿಯಾಗಿ ಬರ್ತೀರ, ಬಟ್ಟೆನೇ ಇನ್ನೂ ಆಗಿಲ್ಲ ನೋಡಿ." ನಾನು ನಕ್ಕುಬಿಟ್ಟೆ. ಅಮ್ಮ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಒತ್ತಿದಳು: "ನನ್ನ ಮಾತು ಕದ್ರೆ ಸರಿಯಾಗಾದ್ರೂ ಕದಿ."

ನಾನು ಇನ್ನೂ ನಗುತ್ತಿರುವಾಗಲೇ ಬಂತು ಅಕ್ಕ ಆ ಮಾತು. ತಡವೇ ಆಗಲಿಲ್ಲ. ಅಮ್ಮ ಎದ್ದು ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಅಂಗಡಿಗೆ ನಡೆದಳು. ಈ ಕಾಗದದ ಹಿಂದೆ ಅವಳೂ ಏನೋ ಬರೆಯುತ್ತಾಳಂತೆ. ಇದುವರೆಗೆ ಯಾರಿಗೂ ಕಾಗದ ಬರೆಯದ ಅಮ್ಮ! ನಾನು ನೋಡಬಾರದಂತೆ.

ನಿನ್ನ ಕುಳ್ಳ


ಮೇ ೧೩

ನನ್ನ ಬಜಾರಿ ಮಗಳೇ,

ನಿಂಗೆ ಒಂದು ವಿಷಯ ಹೇಳ್ಬೇಕು. ಪೆಟ್ಟಿಗೆ ಹೇಳಿದ್ರೆ ಅಷ್ಟು ದೂರಕ್ಕೆ ಕೇಳ್ಸಲ್ಲ, ಅದಕ್ಕೆ ಬರೀತಾ ಇದೀನಿ.

ಇವತ್ತು ಬೆಳಿಗ್ಗೆ ಆ ದಪ್ಪ ಹೆಂಗಸು ಬಂದ್ಲು, ಬಿಗಿ ಕೋಟಿನವಳು. ನಾನು ಎದುರಿಗೇ ಟೇಪು ಹಿಡ್ಕೊಂಡು ನಿಂತಿದೀನಿ, ಆಯಮ್ಮ ಕುಳ್ಳನ ಕಡೆ ತಿರುಗಿ, "ಹೊಲಿಗೆ ಎಷ್ಟು ಬಿಚ್ಚಬೋದು ಅಂತಾರೆ ನಿಮ್ಮ ತಾಯಿ?" ಅಂದ್ಲು. ಇವನು ಬಾಯಿ ತೆಗೀಬೇಕು, ಅಷ್ಟರಲ್ಲಿ ನಾನು ಒತ್ತಿ ಆಗಿತ್ತು. "ಅವರ ತಾಯಿ ಇಲ್ಲೇ ಇದಾರೆ, ಅವರನ್ನೇ ಕೇಳಿ." ಆಯಮ್ಮ ಬೆಚ್ಚಿಬಿದ್ಲು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ, "ಎಷ್ಟು ಬಿಚ್ಚಬೋದು ರೀ?" ಅಂತ ನನ್ನನ್ನೇ ಕೇಳಿದ್ಲು. "ನೀವು ಎಷ್ಟು ತಿಂತೀರೋ ಅಷ್ಟು" ಅಂದೆ. ಹೊಟ್ಟೆ ಹಿಡ್ಕೊಂಡು ನಕ್ಲು ಕಣೇ. ಕೋಟಿಗೆ ಬಂದವಳು ಕೂತ್ಕೊಂಡು ಸೊಸೆ ಕಥೆ ಎಲ್ಲಾ ಹೇಳಿ ಹೋದ್ಲು. ನಾನು ಮಧ್ಯೆ ಮಧ್ಯೆ ಒಗ್ಗರಣೆ ಹಾಕ್ತಾನೇ ಇದ್ದೆ.

ಅವಳು ಹೋದ್ಮೇಲೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೇ ಬಂದಿದ್ದು, ಹೆದರಬೇಡ. ಯಂತ್ರ ನೋಡಿ ಹೋಗಿದ್ದವರು ಮಧ್ಯಾಹ್ನ ವಾಪಸ್ ಬಂದ್ರು, ಕೊಡಲ್ಲ ಅಂದೆ. ನಾನೇ ಅಂದೆ, ಕುಳ್ಳನ ಕೈಲಿ ಹೇಳಿಸ್ಲಿಲ್ಲ.

ನೀವಿಬ್ರೂ ಸೇರಿ ಏನು ಓಡಿಸಿದ್ರೋ, ಏನು ಗುಡಿಸಿದ್ರೋ, ನಂಗೆ ಅರ್ಥ ಆಗಲ್ಲ. ಒಂದು ಮಾತ್ರ ಗೊತ್ತು. ಆಪರೇಷನ್ ಆದ್ಮೇಲೆ ನೀನು ಬಂದಾಗೆಲ್ಲ ನನ್ನ ಹತ್ರ ಮೆತ್ತಗೆ ಮಾತಾಡ್ತೀಯ. ನಾನು ಬರೆದಿದ್ದಕ್ಕೆಲ್ಲ ಹೂಂ ಅಂತೀಯ, ಆಸ್ಪತ್ರೇಲಿ ರೋಗಿ ಹತ್ರ ಮಾತಾಡಿದ ಹಾಗೆ. ನಂಗದು ಸಾಕಾಗಿದೆ. ರಜ ಹಾಕಿ ಬಾ. ನಿನ್ನ ಜೊತೆ ಸರಿಯಾಗಿ ಒಂದು ಜಗಳ ಆಡಿ ವರ್ಷ ಆಯ್ತು.

ನಿನ್ನ ಅಮ್ಮ